ಕನ್ನಡಕದಕ್ಕ ಕೊಡದ ಕನ್ನಡಕ

ಹೋದ ತಿಂಗಳು ಮಂಡ್ಯದ ಅಂಗಡಿಯೊಂದಕ್ಕೆ ಓದುವ ಕನ್ನಡಕ ಮಾಡಿಸಲು ಹೋಗಿದ್ದೆ. ನಲವತ್ತು ದಾಟಿದ ಮೇಲೆ ಸಣ್ಣ ಅಕ್ಷರಗಳನ್ನು ಓದಲು ಕಾಗದವನ್ನು ದೂರ ದೂರ ಹಿಡಿಯಬೇಕಾಗಿ ಬಂದಿತ್ತು. ಅಂಗಡಿಯವನು ಫ್ರೇಮಿನ ಕಡ್ಡಿಯನ್ನು ನನ್ನ ಕಿವಿಗೆ ಹೊಂದಿಸಲು ಬಿಸಿಗಾಳಿ ಊದುವ ಸಣ್ಣ ಯಂತ್ರದ ಮುಂದೆ ಹಿಡಿದು ಬಗ್ಗಿಸಿದ. ಬೆಚ್ಚಗಾದ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಂತು. ಅಷ್ಟೇ. ನಾನು ಮಂಡ್ಯದಲ್ಲಿರಲಿಲ್ಲ, ಮದ್ದೂರಿನ ಪೇಟೆಯಲ್ಲಿದ್ದೆ. ಎದುರಿಗೆ ಕರೆಂಟ್ ಒಲೆ, ಅದರ ಮೇಲೆ ಬಾಣಲೆ, ಬಾಣಲೆಯಲ್ಲಿ ಜರಡಿ ಹಿಡಿದ ನುಣ್ಣನೆಯ ಮರಳು. ಆ ಬಿಸಿ ಮರಳಿನೊಳಗೆ ಕನ್ನಡಕದ ಕಡ್ಡಿಯನ್ನು ಹುದುಗಿಸಿ, ಮೆತ್ತಗಾದ ಮೇಲೆ ಎರಡು ಬೆರಳಲ್ಲಿ ಬಗ್ಗಿಸುತ್ತಿದ್ದ ಒಬ್ಬ ಹೆಂಗಸು...

ಮದ್ದೂರಿನವರೆಲ್ಲ ಅವರನ್ನು ಕನ್ನಡಕದಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ, ಎದುರಿಗಿದ್ದಾಗ ಬರೀ ಅಕ್ಕ. ಐವತ್ತೈದರ ಆಸುಪಾಸು. ಕಣ್ಣಿಗೆ ಕನ್ನಡಕ, ಹತ್ತಿ ಸೀರೆ, ಅದರ ಮೇಲೆ ಗಂಡಸರ ಹಳೆಯ ಅಂಗಿ. ಅಂಗಿ ಅವರ ಯಜಮಾನರದು, ಅಂಗಡಿಯೂ ಅವರದೇ ಆಗಿತ್ತು. ಯಜಮಾನರು ತೀರಿಕೊಂಡಾಗ ಅಂಗಡಿ ಮಾರಿಬಿಡಿ ಎಂದವರೇ ಎಲ್ಲ. ಅಕ್ಕ ಮಾರಲಿಲ್ಲ. ಗಂಡ ಬದುಕಿದ್ದಾಗಲೇ ಪಕ್ಕದಲ್ಲಿ ಕೂತು ಗಾಜು ಉಜ್ಜುವುದನ್ನು, ಫ್ರೇಮಿಗೆ ಕೂರಿಸುವುದನ್ನು ಕಲಿತಿದ್ದರು. ಕಣ್ಣಿನ ಡಾಕ್ಟರು ಬರೆದ ಚೀಟಿ ತಂದರೆ ಸಾಕು, ಮೂರನೆಯ ದಿನಕ್ಕೆ ಕನ್ನಡಕ ತಯಾರು.

ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದ್ದು ಹತ್ತು ಹನ್ನೆರಡು ವರ್ಷದ ಹಿಂದೆ. ಮಳವಳ್ಳಿ ಕಡೆಯಿಂದ ಆತಗೂರಿನ ಹತ್ತಿರದ ಹಳ್ಳಿಗೆ ಮದುವೆಯಾಗಿ ಬಂದವಳಿಗೆ ಅಂಚೆ ಹಂಚುವ ಕೆಲಸ ಸಿಕ್ಕಿತ್ತು. ಸುತ್ತಲ ಐದು ಹಳ್ಳಿ, ಒಂದು ಸೈಕಲ್ಲು, ಹೆಗಲಿಗೊಂದು ಚೀಲ. ಬೆಳಿಗ್ಗೆ ಹೊರಟರೆ ಮೂರು ಗಂಟೆಯವರೆಗೆ ಬಿಸಿಲಲ್ಲೇ. ನೀರು ಕಟ್ಟಿದ ಗದ್ದೆಯ ಮೇಲಿನಿಂದ ಬಿಸಿಲು ಕನ್ನಡಿ ಹಿಡಿದಂತೆ ಕಣ್ಣಿಗೆ ಹೊಡೆಯುತ್ತಿತ್ತು. ನಾಲೆ ಏರಿಯ ಮೇಲೆ ಬಿಳಿ ದೂಳು, ಆಲೆಮನೆ ದಾಟುವಾಗ ಹೊಗೆ. ಒಂದು ವರ್ಷ ಕಳೆಯುವಷ್ಟರಲ್ಲಿ ನನ್ನ ಕಣ್ಣು ಯಾವಾಗಲೂ ಕೆಂಪಗೇ ಇರುತ್ತಿತ್ತು. ನಿದ್ದೆಗೆಟ್ಟವಳಂತೆ ಕಾಣುತ್ತೀಯ ಎಂದು ಅತ್ತೆ ಬೈಯುತ್ತಿದ್ದರು. ಬಲಗಣ್ಣಿನ ಬಿಳಿಯ ಮೇಲೆ ಮೂಗಿನ ಕಡೆಯಿಂದ ತೆಳ್ಳನೆಯ ಮಾಂಸದ ಪದರವೊಂದು ಬೆಳೆಯುತ್ತಿತ್ತು. ಬಿಸಿಲಿಗೂ ದೂಳಿಗೂ ಹಾಗಾಗುತ್ತದೆ, ತಂಪು ಕನ್ನಡಕ ಹಾಕಿಕೊಂಡು ಓಡಾಡಿ, ಬೆಳೆದು ಕಪ್ಪು ಗುಡ್ಡೆಗೆ ಬಂದರೆ ಕಷ್ಟ ಎಂದು ಡಾಕ್ಟರು ಹೇಳಿದರು.

ಅದೇ ದಿನ ಬಸ್ ಸ್ಟ್ಯಾಂಡಿನ ಹತ್ತಿರ ಬಟ್ಟೆ ಹಾಸಿಕೊಂಡು ಮಾರುವವನ ಹತ್ತಿರ ಒಂದು ಕೂಲಿಂಗ್ ಗ್ಲಾಸ್ ತಗೊಂಡೆ. ನೂರು ರೂಪಾಯಿ ಹೇಳಿ ಎಂಬತ್ತಕ್ಕೆ ಕೊಟ್ಟ. ಕಪ್ಪಗೆ, ದೊಡ್ಡದಾಗಿ, ನೋಡಲು ಚೆನ್ನಾಗಿಯೇ ಇತ್ತು. ಆದರೆ ಹಾಕಿಕೊಂಡ ಎರಡನೇ ವಾರದಿಂದ ಮಧ್ಯಾಹ್ನವಾದರೆ ತಲೆ ಸಿಡಿತ. ಕಣ್ಣಿನ ಉರಿ ಕಡಿಮೆಯಾಗುವ ಬದಲು ಹೆಚ್ಚಾಯಿತು. ಒಂದು ದಿನ ಬಿಸಿಲಿನಿಂದ ಹೊಂಗೆ ಮರಗಳ ನೆರಳಿಗೆ ನುಗ್ಗಿದ ಕೂಡಲೇ ಏನೂ ಕಾಣದೆ, ಸೈಕಲ್ಲಿನ ಸಮೇತ ಕಾಲುವೆಗೆ ಬಿದ್ದೆ. ಕಾಲಿಗೆ ಏಟಾಗಿದ್ದಕ್ಕಿಂತ ಕಾಗದಗಳು ನೆನೆದದ್ದಕ್ಕೆ ಅಳು ಬಂತು. ಒಂದೊಂದೇ ಕಾಗದವನ್ನು ಏರಿಯ ಕಲ್ಲಿನ ಮೇಲೆ ಒಣಹಾಕಿ, ಒಣಗುವವರೆಗೆ ಕಾದು ಕೂತಿದ್ದೆ.

ಅಗ್ಗದ್ದು ತಗೊಂಡಿದ್ದಕ್ಕೇ ಹೀಗಾಯಿತು ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಬೆಂಗಳೂರಿನ ಕಡೆಯಿಂದ ಗುಂಪು ಗುಂಪಾಗಿ ಸೈಕಲ್ ತುಳಿದುಕೊಂಡು ಬಂದು ಮದ್ದೂರಿನ ಹೋಟೆಲಿನ ಮುಂದೆ ನಿಲ್ಲುವವರನ್ನು ನೋಡಿದ್ದೆ. ಮುಖದ ಅರ್ಧ ಮುಚ್ಚುವ ಕನ್ನಡಕ, ಬಣ್ಣ ಬಣ್ಣದ ಗಾಜು. ಒಮ್ಮೆ ಧೈರ್ಯ ಮಾಡಿ ಒಬ್ಬ ಹೆಣ್ಣುಮಗಳನ್ನು ಬೆಲೆ ಕೇಳಿದೆ. ಹನ್ನೆರಡು ಸಾವಿರ ಎಂದಳು. ನನ್ನ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಆದರೂ ನಾನು ತುಳಿಯುವುದೂ ಸೈಕಲ್ಲನ್ನೇ ಅಲ್ಲವೇ, ಅವಳು ವಾರಕ್ಕೊಮ್ಮೆ ತುಳಿದರೆ ನಾನು ದಿನಾ ತುಳಿಯುತ್ತೇನೆ ಎಂಬ ಒಂದು ಹಟ ಮನಸ್ಸಿನಲ್ಲಿ ಕೂತುಬಿಟ್ಟಿತು. ಓಲೆ ಮಾಡಿಸಲು ಕೂಡಿಟ್ಟಿದ್ದ ಹಣವನ್ನು ಸೆರಗಿನಲ್ಲಿ ಕಟ್ಟಿಕೊಂಡು ಕನ್ನಡಕದಕ್ಕನ ಅಂಗಡಿಗೆ ಹೋದೆ.

ಗಾಜಿನ ಬೀರುವಿನ ಮೇಲಿನ ಅರೆಯಲ್ಲಿ ಅಂಥದೇ ಒಂದು ಇತ್ತು. ಅಷ್ಟು ಬೆಲೆಯದಲ್ಲದಿದ್ದರೂ ಆರು ಸಾವಿರದ್ದು. ಅದನ್ನೇ ಕೊಡಿ ಎಂದೆ. ಅಕ್ಕ ಅದನ್ನು ತೆಗೆಯಲಿಲ್ಲ. ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನ್ ಕೆಲ್ಸ ಮಾಡ್ತೀಯವ್ವ?"

ಹೇಳಿದೆ. ಬಸ್ ಸ್ಟ್ಯಾಂಡಿನ ಕನ್ನಡಕ, ತಲೆನೋವು, ಕಾಲುವೆಗೆ ಬಿದ್ದದ್ದು ಎಲ್ಲವನ್ನೂ ಹೇಳಿದೆ. ಅವರು ಆ ಎಂಬತ್ತು ರೂಪಾಯಿಯದನ್ನು ಕೊಡು ಎಂದು ಕೈಚಾಚಿದರು. ಗಲ್ಲಾದಿಂದ ಒಂದು ನೋಟು, ಖೋಟಾ ನೋಟು ಪತ್ತೆ ಮಾಡುವ ನೀಲಿ ಬೆಳಕಿನ ಪುಟ್ಟ ಬ್ಯಾಟರಿ ತೆಗೆದರು. ಮೇಜಿನ ಕೆಳಗೆ ಕತ್ತಲು ಮಾಡಿ ನೋಟಿನ ಮೇಲೆ ಬೆಳಕು ಬಿಟ್ಟರು. ನೋಟಿನ ನಂಬರು ಮಿಣುಕು ಹುಳದ ಹಾಗೆ ಹೊಳೆಯಿತು. ಬೆಳಕಿಗೂ ನೋಟಿಗೂ ನಡುವೆ ನನ್ನ ಕಪ್ಪು ಕನ್ನಡಕ ಹಿಡಿದರು. ನಂಬರು ಹೊಳೆಯುತ್ತಲೇ ಇತ್ತು.

"ನೋಡ್ದಾ? ಕಪ್ಪು ಬಣ್ಣ ಬಳ್ದವ್ರೆ, ಅಷ್ಟೇಯ. ಬಿಸ್ಲೊಳ್ಗೂ ಈ ನೀಲಿ ಬೆಳ್ಕಿನ ಜಾತೀದೇ ಒಂದು ಕೆಟ್ಟ ಬೆಳ್ಕದೆ, ಅದನ್ನ ಇದು ತಡಿಯಕ್ಕಿಲ್ಲ. ಕಪ್ಪು ಆಕ್ಕೊಂಡ್ರೆ ಕಣ್ಣು ಏನ್ ಅನ್ಕತದೆ, ಸಂಜೆ ಆಯ್ತು ಅಂತ ಬಾಗ್ಲು ಅಗಲ ಮಾಡ್ಕತದೆ. ಬಾಗ್ಲು ತಗದ್ ಮನೆಗೆ ಬಿಸ್ಲು ನುಗ್ತದೆ. ಇದನ್ನ ಆಕ್ಕೊಳೋದ್ಕಿಂತ ಬರಿಗಣ್ಣೇ ವಾಸಿ ಕಣವ್ವ."

ಹಾಗಾದರೆ ಆರು ಸಾವಿರದ್ದೇ ಸರಿ ಎಂದೆ, ಗೆದ್ದವಳಂತೆ. ಅಕ್ಕ ಅದನ್ನೂ ತೆಗೆದು ನೀಲಿ ಬೆಳಕಿಗೆ ಹಿಡಿದರು. ನಂಬರು ಕಾಣದೆ ಹೋಯಿತು. ಆಮೇಲೆ ಕೆಳಗಿನ ಡ್ರಾಯರಿನಿಂದ ಇನ್ನೊಂದು ತೆಗೆದರು. ತೆಳು ಕಂದು ಬಣ್ಣದ್ದು, ಕಾಫಿಗೆ ನೀರು ಹೆಚ್ಚಾದಂಥ ಬಣ್ಣ. ಪಕ್ಕಗಳೆರಡೂ ಕಣ್ಣನ್ನು ಸುತ್ತುವರಿಯುವಂತೆ ಬಾಗಿದ್ದವು. ಅದಕ್ಕೂ ನಂಬರು ಕಾಣದೆ ಹೋಯಿತು. ಬೆಲೆ ಏಳುನೂರು.

"ಇದೂ ತಡೀತದೆ, ಅದೂ ತಡೀತದೆ. ಅದು ಗಾಢ ಬಣ್ಣ, ರಸ್ತೇಲಿ ಒಂದೇ ಸಮ ಓಗೋರಿಗೆ ಸರಿ. ನೀನು ನೆಳ್ಳಿಗೆ ಬರ್ತೀಯ, ಬಿಸ್ಲಿಗೆ ಓಯ್ತೀಯ, ನಿಂತ್ಕಂಡು ಅಡ್ರೆಸ್ಸು ಓದ್ತೀಯ. ನಿಂಗೆ ತೆಳುವಾಗಿರೋದೇ ಬೇಕು. ಇದು ಗಾಜಲ್ಲ, ಸುತ್ತಿಗೇಲಿ ಒಡುದ್ರೂ ಚೂರಾಗಕ್ಕಿಲ್ಲ."

ನನಗೆ ಸಮಾಧಾನವಾಗಲಿಲ್ಲ. ಹಣ ತಂದಿದ್ದೇನೆ ಅಕ್ಕ ಎಂದು ಗಂಟನ್ನು ತೋರಿಸಿದೆ. ಅದಕ್ಕೆ ಅವರು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ಆರ್ ಸಾವ್ರದ್ದು ತಗಂಡ್ರೆ ನೀನು ಅದನ್ನ ಬಟ್ಟೇಲಿ ಸುತ್ತಿ ಪೆಟ್ಟಿಗೇಲಿ ಮಡಗ್ತೀಯ. ದೂಳಿದ್ರೆ ಆಕ್ಕೊಳ್ಳಲ್ಲ, ಮಳೆ ಬಂದ್ರೆ ಆಕ್ಕೊಳ್ಳಲ್ಲ. ಕಣ್ಣ್ ಮ್ಯಾಲಿರ್ಬೇಕಾದ್ದು ಪೆಟ್ಟಿಗೇಲಿದ್ರೆ ಏನ್ ಬಂತವ್ವ? ಓಲೆ ಮಾಡಿಸ್ಕೊ, ಓಗು."

ಓಲೆಗೆಂದು ಕೂಡಿಟ್ಟ ಹಣ ಎಂದು ನಾನು ಹೇಳಿರಲಿಲ್ಲ. ನನ್ನ ಬರಿಕಿವಿ ನೋಡಿ ಹೇಳಿರಬೇಕು. ಮಾರಿದ್ದರೆ ಅವರಿಗೇ ಲಾಭವಾಗುತ್ತಿತ್ತು. ಆ ಬೀರುವಿನಲ್ಲಿದ್ದ ದುಬಾರಿ ಕನ್ನಡಕ ಎಷ್ಟು ದಿನದಿಂದ ಗಿರಾಕಿಗೆ ಕಾದಿತ್ತೋ ಏನೋ... ಅವರು ಅದನ್ನು ಮತ್ತೆ ಮೇಲಿನ ಅರೆಯಲ್ಲಿಟ್ಟು, ನನಗೆ ಏಳುನೂರರದನ್ನು ಮರಳಿನಲ್ಲಿ ಕಾಯಿಸಿ ಕಿವಿಗೆ ಸರಿಮಾಡಿ, ಬಿದ್ದುಹೋಗದಂತೆ ಹಿಂದಕ್ಕೊಂದು ಕರಿ ದಾರ ಕಟ್ಟಿ ಕೊಟ್ಟರು.

ಕನ್ನಡಕವೇನೋ ಚೆನ್ನಾಗಿತ್ತು. ತಲೆನೋವು ನಿಂತಿತು, ಕಣ್ಣುರಿ ಇಳಿಯಿತು. ಕಷ್ಟ ಬಂದದ್ದು ಬೇರೆ ಕಡೆಯಿಂದ. ನನ್ನ ಐದು ಹಳ್ಳಿಗಳಲ್ಲಿ ಒಂದರಲ್ಲಿ ಹಾಲಿನ ಡೈರಿಯ ಜಗಲಿಯ ಮೇಲೆ ಒಬ್ಬ ಹಿರಿಯರು ಸದಾ ಕೂತಿರುತ್ತಿದ್ದರು. ಎಲ್ಲರಿಗೂ ಅವರು ದೊಡ್ಡಯ್ಯ. ಮೊದಲ ದಿನ ನನ್ನನ್ನು ಕಂಡ ಕೂಡಲೇ ಪಕ್ಕದವರಿಗೆ ಕೇಳುವಂತೆ ಹೇಳಿದರು: "ನೋಡ್ರಲಾ, ಪೋಸ್ಟಮ್ಮ ಕೂಲಿಂಗ್ ಗ್ಲಾಸ್ ಆಕ್ಕೊಂಡು ಪಿಚ್ಚರ್ಗೆ ಓಯ್ತಾವ್ಳೆ."

ಜಗಲಿ ಪೂರ ನಕ್ಕಿತು. ಮಾರನೆಯ ದಿನವೂ ನಕ್ಕಿತು. ಒಂದು ವಾರದಲ್ಲಿ ಉಳಿದ ಹಳ್ಳಿಗಳಿಗೂ ಆ ಮಾತು ಹರಡಿತು. ಯಾರೂ ಕೆಟ್ಟದಾಗಿ ಅಂದದ್ದಲ್ಲ, ಆದರೆ ಸೊಸೆಯಾಗಿ ಬಂದ ಊರಿನಲ್ಲಿ ನಗೆಪಾಟಲಾಗುವುದು ಸುಲಭವಲ್ಲ. ನಾನು ಊರು ಹತ್ತಿರ ಬಂದಂತೆ ಕನ್ನಡಕ ತೆಗೆದು ಚೀಲಕ್ಕೆ ಹಾಕುವುದನ್ನು ಕಲಿತೆ. ಹಳ್ಳಿಯಿಂದ ಹಳ್ಳಿಗೆ ಇರುವುದೇ ಎರಡು ಮೂರು ಕಿಲೋಮೀಟರ್. ತೆಗೆ, ಹಾಕು, ತೆಗೆ. ಕೊನೆಗೆ ಹಾಕುವುದನ್ನೇ ಬಿಟ್ಟೆ.

ನಾಲ್ಕು ತಿಂಗಳ ಮೇಲೆ ಅತ್ತೆಯ ಕನ್ನಡಕದ ಸ್ಕ್ರೂ ಬಿದ್ದುಹೋಯಿತೆಂದು ಮತ್ತೆ ಅಂಗಡಿಗೆ ಹೋದೆ. ಅಕ್ಕ ಸ್ಕ್ರೂ ಹಾಕುತ್ತಲೇ ನನ್ನ ಮುಖ ನೋಡಿದರು.

"ಮೂಗಿನ್ ಮ್ಯಾಲೆ ಗುರ್ತೇ ಬಿದ್ದಿಲ್ವಲ್ಲ. ಆಕ್ಕೊಳ್ತಿಲ್ವಾ?"

ಸುಳ್ಳು ಹೇಳಲಾಗಲಿಲ್ಲ. ಡೈರಿ ಜಗಲಿಯ ಕಥೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಆ ಊರಿನಲ್ಲಿ ಪಿಂಚಣಿ ಹಂಚುವುದು ಯಾವತ್ತು ಎಂದಷ್ಟೇ ಕೇಳಿದರು.

ಪಿಂಚಣಿಯ ದಿನ ನಾನು ಆ ಊರಿನ ಬಸ್ ನಿಲ್ಲುವ ಜಾಗಕ್ಕೆ ಬಂದರೆ, ಕನ್ನಡಕದಕ್ಕ ಬಸ್ಸಿಳಿದು ನಿಂತಿದ್ದರು. ಹಬ್ಬದ ದಿನವೂ ಬಾಗಿಲು ಹಾಕದವರು ಅವತ್ತು ಅಂಗಡಿ ಮುಚ್ಚಿ ಬಂದಿದ್ದರು. ಕಣ್ಣಿಗೆ ನನ್ನದಕ್ಕಿಂತ ದೊಡ್ಡ ಕಪ್ಪು ಕನ್ನಡಕ. "ನಿಂದೂ ತಗದು ಆಕ್ಕೊ" ಎಂದರು. ನಾನು ಸೈಕಲ್ ತಳ್ಳಿಕೊಂಡು, ಅವರು ಸೆರಗು ಬಿಗಿದುಕೊಂಡು, ಇಬ್ಬರೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಊರ ನಡುಬೀದಿಯಲ್ಲಿ ನಡೆದೆವು. ನಾನು ತಲೆ ತಗ್ಗಿಸಿ ಸೈಕಲ್ಲಿನ ಚಕ್ರವನ್ನೇ ನೋಡುತ್ತಿದ್ದೆ. ಅವರು ಸಂತೆಗೆ ಹೋಗುವವರ ಹಾಗೆ ಹೆಜ್ಜೆ ಹಾಕುತ್ತಿದ್ದರು.

ಪಿಂಚಣಿಗೆ ಬಂದವರೆಲ್ಲ ಡೈರಿ ಮುಂದೆ ಸೇರಿದ್ದರು. ದೊಡ್ಡಯ್ಯ ಬಿಡುವರೇ? "ಇನ್ನೊಬ್ಳು ಬಂದ್ಲಪ್ಪ. ಯಾವೂರಲ್ಲವ್ವ ಸೂಟಿಂಗು?"

ಅಕ್ಕ ಸೀದಾ ಅವರ ಹತ್ತಿರ ಹೋಗಿ, ತಮ್ಮ ಕನ್ನಡಕ ತೆಗೆದು, ಮುಖಕ್ಕೆ ಮುಖ ಕೊಟ್ಟು ಅವರ ಕಣ್ಣನ್ನೇ ನೋಡಿದರು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು ಕೈಯೆತ್ತಿ ಬೆರಳು ತೋರಿಸಿದರು.

"ಯಜಮಾನ್ರೆ, ಬೆಳ್ಳು ಎಷ್ಟವೆ?"

"ಬೆಳ್ಳು ಎಣ್ಸಕ್ಕೂ ಬರ್ದೇ ಇರೋನಾ ನಾನು?"

"ಬತ್ತದೆ, ಯೋಳಿ ಮತ್ತೆ."

ದೊಡ್ಡಯ್ಯ ಕಣ್ಣು ಕಿರಿದು ಮಾಡಿದರು. ಮೂರು ಎಂದರು. ಅಕ್ಕ ಎತ್ತಿದ್ದು ಎರಡು. ಯಾರೂ ನಗಲಿಲ್ಲ. ದೊಡ್ಡಯ್ಯನ ಮುಖ ಸಣ್ಣಗಾಯಿತು. ಅಕ್ಕ ದನಿ ತಗ್ಗಿಸಿ ಅವರ ಪಕ್ಕದಲ್ಲೇ ಜಗಲಿಯ ಮೇಲೆ ಕೂತರು.

"ಎಲ್ಡು ಕಣ್ಗೂ ಪೊರೆ ಬಂದದೆ. ಎದ್ರುಕೋಬ್ಯಾಡಿ, ತಗಿಸ್ಬೋದು. ಯಾವತ್ತು ಯಾವ ಆಸ್ಪತ್ರೆಗೆ ಓಗ್ಬೇಕು ಅಂತ ನಾನು ಬರ್ಕೊಡ್ತೀನಿ. ಈ ಮಗ ದಿನಾ ಬಿಸ್ಲಲ್ಲಿ ತಿರುಗ್ತಾಳೆ. ಅವಳ ಕಣ್ಣು ನೆಟ್ಟಗಿದ್ರೆ ನಿಮ್ ಪಿಂಚಣಿ ನಿಮ್ ಕೈಗೇ ಬತ್ತದೆ. ಇಲ್ದಿದ್ರೆ ಪಕ್ಕದೋರ ಕೈಗೆ ಓಯ್ತದೆ, ಆಮ್ಯಾಕೆ ನನ್ನ ಕೇಳ್ಬ್ಯಾಡಿ."

ಈಗ ಎಲ್ಲರೂ ನಕ್ಕರು. ದೊಡ್ಡಯ್ಯನೂ ನಕ್ಕರು. ಅಕ್ಕ ಅವತ್ತು ಮಧ್ಯಾಹ್ನದವರೆಗೂ ಅಲ್ಲೇ ಕೂತು ಬಂದವರ ಕಣ್ಣನ್ನೆಲ್ಲ ನೋಡಿ, ಒಬ್ಬೊಬ್ಬರಿಗೂ ಒಂದೊಂದು ಚೀಟಿ ಬರೆದುಕೊಟ್ಟು, ಯಾರೋ ಕೊಟ್ಟ ಮಜ್ಜಿಗೆ ಕುಡಿದು ಬಸ್ಸು ಹತ್ತಿದರು. ಎರಡು ತಿಂಗಳ ಮೇಲೆ ದೊಡ್ಡಯ್ಯ ಪೊರೆ ತೆಗೆಸಿಕೊಂಡು ಬಂದರು. ಆಸ್ಪತ್ರೆಯಲ್ಲಿ ಕೊಟ್ಟ ಕಪ್ಪು ಕನ್ನಡಕ ಹಾಕಿಕೊಂಡು ಅದೇ ಜಗಲಿಯ ಮೇಲೆ ಕೂತಿದ್ದರು. ನನ್ನನ್ನು ಕಂಡು, "ಪೋಸ್ಟಮ್ಮ, ತಂಪಾಗೇ ಅದೆ ಕಣವ್ವ ಇದು" ಎಂದರು. ಆಮೇಲೆ ನನ್ನ ಕನ್ನಡಕದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಅದು ಎಷ್ಟು ದೊಡ್ಡ ಉಪಕಾರ ಎಂದು ನನಗೆ ತಿಳಿದದ್ದು ಕಬ್ಬು ಅರೆಯುವ ಕಾಲ ಬಂದಾಗ. ಮದ್ದೂರಿಗೆ ಚೀಲ ತಲುಪಿಸಲು ಹೋಗುತ್ತಿದ್ದೆ. ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರು, ಎರಡೂ ಪಕ್ಕಕ್ಕೆ ಕಬ್ಬಿನ ತುದಿಗಳು ಚಾಚಿಕೊಂಡಿದ್ದವು. ಪಕ್ಕಕ್ಕೆ ಬಂದು ದಾಟುವಾಗ ಅದರ ಚಕ್ರ ಗುಂಡಿಗೆ ಇಳಿಯಿತು. ಹೊರೆ ನನ್ನ ಕಡೆಗೆ ವಾಲಿತು. ಒಂದು ಜಲ್ಲೆಯ ಕತ್ತರಿಸಿದ ತುದಿ ಮುಖಕ್ಕೆ ಬಡಿದದ್ದು ಗೊತ್ತು. ಆಮೇಲೆ ನಾನು ಮಣ್ಣಿನಲ್ಲಿದ್ದೆ, ಯಾರೋ ನೀರು ಚಿಮುಕಿಸುತ್ತಿದ್ದರು.

ಬಲ ಹುಬ್ಬಿಗೆ ನಾಲ್ಕು ಹೊಲಿಗೆ ಬಿತ್ತು. ಕಣ್ಣಿಗೆ ಏನೂ ಆಗಿರಲಿಲ್ಲ. ಕನ್ನಡಕ ಕರಿ ದಾರದಲ್ಲಿ ಕೊರಳಿಗೆ ನೇತಾಡುತ್ತಿತ್ತು. ಬಲಗಡೆಯ ಮಸೂರದ ಮೇಲೆ ಈ ಅಂಚಿನಿಂದ ಆ ಅಂಚಿನವರೆಗೆ ಆಳವಾದ ಬಿಳಿ ಗೀರು. ಒಡೆದಿರಲಿಲ್ಲ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಇಲ್ಲದಿದ್ದರೆ ಈ ಕಣ್ಣು ನಿಮಗೆ ಇರ್ತಿರಲಿಲ್ಲಮ್ಮ" ಎಂದರು. ಬಸ್ ಸ್ಟ್ಯಾಂಡಿನದೇ ಹಾಕಿಕೊಂಡಿದ್ದರೆ? ಅಥವಾ ಆರು ಸಾವಿರದ್ದು ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿದ್ದಿದ್ದರೆ?

ಹೊಲಿಗೆ ಬಿಚ್ಚಿಸಿದ ದಿನ ಅಂಗಡಿಗೆ ಹೋದೆ. ಅಕ್ಕ ಆ ಗೀರಿನ ಮೇಲೆ ಹೆಬ್ಬೆರಳು ಎಳೆದರು. ಒಲೆ ಆರಿಸಿ, ಸ್ಟೂಲಿನ ಮೇಲೆ ಕೂತು, ತಮ್ಮ ಎಡಗಣ್ಣನ್ನು ತೋರಿಸಿದರು.

"ಇದು ಕಾಣಕ್ಕಿಲ್ಲ ಕಣವ್ವ. ಗೊತ್ತಿರ್ನಿಲ್ವಾ ನಿಂಗೆ?"

ಗೊತ್ತಿರಲಿಲ್ಲ. ಮುಖ ಎಡಕ್ಕೆ ತಿರುಗಿಸಿ ನೋಡುವುದು ಅವರ ಅಭ್ಯಾಸ ಎಂದುಕೊಂಡಿದ್ದೆ. ಹನಕೆರೆಯ ಹತ್ತಿರ ಅವರ ತವರು. ಹನ್ನೆರಡು ವರ್ಷದವರಿದ್ದಾಗ ಅಪ್ಪನ ಜೊತೆ ಕಬ್ಬಿನ ಸೋಗೆ ಸುಲಿಯುವಾಗ ಗರಿಯ ಅಂಚು ಕಣ್ಣಿಗೆ ಗೀರಿತಂತೆ. ಬಿಸಿಲಿಗೆ ಕೆಂಪಾಗಿದೆ, ಹೋಗುತ್ತದೆ ಎಂದರಂತೆ ಮನೆಯವರು. "ಮೂರ್ ದಿನ ಸೊಪ್ಪಿನ ರಸ ಬುಟ್ರು. ನಾಕ್ನೇ ದಿನ ಗಾಡಿ ಕಟ್ಕಂಡು ಆಸ್ಪತ್ರೆಗೆ ಬರೋವತ್ಗೆ..." ಅಲ್ಲಿಗೆ ನಿಲ್ಲಿಸಿದರು. ಒಂದು ಕಣ್ಣಿನ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದು ಬಂದವರು ಕನ್ನಡಕದ ಅಂಗಡಿಯ ಯಜಮಾನರು. ಕಾಣದ ಕಣ್ಣಿಗೂ ಸೇರಿಸಿಯೇ ಅವರು ಕನ್ನಡಕ ಮಾಡಿಕೊಟ್ಟಿದ್ದರು. ಅಕ್ಕ ಅವತ್ತು ಅದನ್ನು ತೆಗೆದು ಸೀರೆಯ ಸೆರಗಿನಿಂದ ಎರಡೂ ಮಸೂರಗಳನ್ನು ಒಂದೇ ಸಮನಾಗಿ, ನಿಧಾನವಾಗಿ ಒರೆಸಿದರು. ನಾನು ಅಳುತ್ತಿದ್ದೆ. ಅವರು ಅಳಲಿಲ್ಲ.

"ನಿಂದು ಉಳೀತಲ್ಲ ಮಗ. ಬುಡು. ಬಾ, ಕಾಪಿ ಕುಡಿಯವ" ಎಂದರು.

ಇಲಾಖೆಯ ಪರೀಕ್ಷೆ ಪಾಸಾಗಿ ನಾನು ಮಂಡ್ಯಕ್ಕೆ ಬಂದೆ. ಬಿಸಿಲು ತಪ್ಪಿತು, ಸೈಕಲ್ಲು ತಪ್ಪಿತು, ಹಾಗೇ ಆ ಅಂಗಡಿಯೂ ತಪ್ಪಿತು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದವಳು ವರ್ಷಕ್ಕೊಮ್ಮೆ ಹೋದೆ. ರೈಲಿನಲ್ಲಿ ಮದ್ದೂರು ದಾಟುವಾಗ ಇಳಿಯಬೇಕಿತ್ತು ಎಂದುಕೊಳ್ಳುವುದು, ಮುಂದಿನ ಸಲ ಎಂದುಕೊಳ್ಳುವುದು...

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ತಲುಪದೆ ಹಿಂದಿರುಗಿದ ರಿಜಿಸ್ಟರ್ ಕಾಗದಗಳನ್ನು ಕಳಿಸಿದವರಿಗೆ ಮರಳಿಸಲು ಬೇರ್ಪಡಿಸುತ್ತಿದ್ದೆ. ಒಂದರ ಮೇಲೆ ಮದ್ದೂರಿನ ವಿಳಾಸ. ಹೆಸರು ಓದಿದೆ, ಯಾರೆಂದು ಹೊಳೆಯಲಿಲ್ಲ. ಕೆಳಗಿನ ಸಾಲಿನಲ್ಲಿ ಬೀದಿ, ಅದರ ಕೆಳಗೆ ಕನ್ನಡಕದ ಅಂಗಡಿ ಎಂದಿತ್ತು. ಇಷ್ಟು ವರ್ಷ ನಾನು ಅವರ ಹೆಸರನ್ನೇ ಕೇಳಿರಲಿಲ್ಲ ಎಂದು ಆಗ ತಿಳಿಯಿತು. ಅಡ್ಡಲಾಗಿ, ಅಲ್ಲಿನ ಪೋಸ್ಟ್‌ಮನ್ ಕೆಂಪು ಶಾಯಿಯಲ್ಲಿ ಬರೆದಿದ್ದ: ವಿಳಾಸದಾರರು ತೀರಿಕೊಂಡಿದ್ದಾರೆ. ಅದೇ ಮಾತನ್ನು ನಾನೂ ಎಷ್ಟೋ ಕಾಗದಗಳ ಮೇಲೆ ಬರೆದಿದ್ದೇನೆ. ಬರೆದು ಮುಂದಿನ ಮನೆಗೆ ಹೋಗಿದ್ದೇನೆ.

ರಜೆ ಹಾಕಿ ಮದ್ದೂರಿಗೆ ಹೋದೆ. ಅಂಗಡಿಯ ಅರ್ಧ ಬಾಗಿಲು ತೆರೆದಿತ್ತು. ಅಕ್ಕನ ತಂಗಿ ಬೀರುವಿನಲ್ಲಿದ್ದುದನ್ನು ಪೆಟ್ಟಿಗೆಗಳಿಗೆ ತುಂಬಿಸುತ್ತಿದ್ದರು. ನೀವು ಯಾರು ಎಂದು ಕೇಳಿದರು. ಏನು ಹೇಳಲಿ? ನೆಂಟಳಲ್ಲ, ಸ್ನೇಹಿತೆ ಎನ್ನಲು ಧೈರ್ಯವಿಲ್ಲ. "ಅಕ್ಕನ ಹತ್ರ ಒಂದು ಕನ್ನಡಕ ತಗೊಂಡಿದ್ದೆ" ಎಂದೆ.

"ಬಂದೋರೆಲ್ಲ ಅಂಗೇ ಅಂತಾರೆ ಕಣವ್ವ" ಎಂದರು ಆಕೆ. "ಕುಂತ್ಕೊ. ಅಂಗಂದು ಎಲ್ರೂ ಒಂದ್ ಗಳ್ಗೆ ಕುಂತ್ಕಂಡೇ ಓಯ್ತಾರೆ."

ಕೂತೆ. ಹೊರಗೆ ಬೀದಿಯಲ್ಲಿ ಎಂದಿನ ಗದ್ದಲ. ಆಕೆ ತುಂಬಿಸುತ್ತಲೇ ಇದ್ದರು, ನಾನು ನೋಡುತ್ತಲೇ ಇದ್ದೆ.

ಈಗ ಆ ಜಾಗದಲ್ಲಿ ಬೇರೆ ಅಂಗಡಿ ಇದೆ. ನಾನು ದಿನಾ ಕೌಂಟರಿನಲ್ಲಿ ಕೂರುತ್ತೇನೆ. ಎರಡು ಕಣ್ಣಲ್ಲೂ ವಿಳಾಸ ಓದುತ್ತೇನೆ. ಸಾವಿರಾರು ಜನರ ಕಾಗದಗಳನ್ನು ಮನೆ ಬಾಗಿಲಿಗೆ ಮುಟ್ಟಿಸಿದವಳು, ಆ ಒಂದು ವಿಳಾಸಕ್ಕೆ ನಾಲ್ಕು ಸಾಲು ಬರೆಯಲಿಲ್ಲ. ಬರೆದಿದ್ದರೆ ಅಕ್ಕ ಮುಖವನ್ನು ಎಡಕ್ಕೆ ತಿರುಗಿಸಿಕೊಂಡು ಓದುತ್ತಿದ್ದರು. ಇದಕ್ಕೆಲ್ಲ ಯಾಕವ್ವ ಕಾಗ್ದ, ಬಂದು ಕಾಪಿ ಕುಡುದು ಓಗದಲ್ವಾ ಎನ್ನುತ್ತಿದ್ದರು. ಆದರೂ ಬರೆಯಬೇಕಿತ್ತು.